ಕುದುರೆ ದನ ಅಲ್ಲ: ಕೊಡಗಿನಲ್ಲಿ ಕುದುರೆ ಸಾಕುವವರಿಗೆ ಎತ್ತರ, ತೂಕ, ಮೇವು, ಲದ್ದಿಯ ಲೆಕ್ಕ

ನಮ್ಮ ತೋಟಕ್ಕೆ ಮೊದಲ ಸಲ ಕುದುರೆ ಬಂದ ದಿನ ಕೆಲಸದವರ ಲೈನ್ ಮನೆಯ ಮಕ್ಕಳೆಲ್ಲ ಕಾಫಿ ಕಣದ ಸುತ್ತ ಸೇರಿದ್ದರು. ನಮ್ಮ ಕೊಟ್ಟಿಗೆ ನೋಡಿಕೊಳ್ಳುವವರು ಅದನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಅಕ್ಕಾ, ದನಕ್ಕೆ ಹಾಕಿದ್ದನ್ನೇ ಇದಕ್ಕೂ ಹಾಕಿದ್ರೆ ಆಯ್ತಲ್ವಾ?" ನಾನು ಹೂಂ ಅಂದುಬಿಟ್ಟೆ. ಆ ಹೂಂ ಎಷ್ಟು ದೊಡ್ಡ ತಪ್ಪು ಅಂತ ತಿಳಿಯಲು ಒಂದು ಮಳೆಗಾಲ ಹಿಡಿಯಿತು.

ಸೋಮವಾರಪೇಟೆ ಕಡೆ ನಮ್ಮದು ಚಿಕ್ಕ ತೋಟ. ಕುದುರೆಯ ಹೆಸರು ಮಲ್ಲಿ. ಈಗ ಕೊಡಗಿನಲ್ಲಿ ಹೋಂಸ್ಟೇ ಇಟ್ಟವರು, ತೋಟದವರು ಒಂದೊಂದು ಕುದುರೆ ತರುತ್ತಿದ್ದಾರೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳನ್ನು. ಎಷ್ಟು ಎತ್ತರ, ಎಷ್ಟು ಕೆಜಿ, ಏನು ತಿನ್ನುತ್ತದೆ, ಇಷ್ಟೊಂದು ಲದ್ದಿ ಯಾಕೆ, ನಿಂತೇ ಮಲಗುತ್ತದಾ. ನಾನು ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಎತ್ತರ

ಕುದುರೆಯ ಎತ್ತರವನ್ನು ತಲೆಯವರೆಗೆ ಅಳೆಯುವುದಿಲ್ಲ. ತಲೆ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆ ಒಂದು ಎಲುಬು ಉಬ್ಬಿಕೊಂಡಿರುತ್ತದೆ, ಅಲ್ಲಿಯವರೆಗೆ ಅಳೆಯಬೇಕು. ಸಮ ನೆಲ ಬೇಕು. ನಮ್ಮ ಗುಡ್ಡದಲ್ಲಿ ಅದೇ ಕಷ್ಟ, ಆದರೆ ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಚಿಂತೆ ಇಲ್ಲ. ನಾಲ್ಕೂ ಕಾಲು ನೇರವಾಗಿ ಊರಿ ನಿಲ್ಲಿಸಿ. ಪಕ್ಕದಲ್ಲಿ ಒಂದು ನೆಟ್ಟಗಿನ ಕೋಲು ನಿಲ್ಲಿಸಿ. ಉಬ್ಬಿನ ಮೇಲೆ ಗಾರೆ ಕೆಲಸದವರ ರಸಮಟ್ಟ ಅಡ್ಡ ಇಟ್ಟು, ಅದು ಕೋಲಿಗೆ ತಾಗುವ ಕಡೆ ಗುರುತು ಹಾಕಿ, ಆಮೇಲೆ ಟೇಪಿನಲ್ಲಿ ಅಳೆಯಿರಿ.

ಕುದುರೆಯವರು ಲೆಕ್ಕ ಹೇಳುವುದು 'ಹ್ಯಾಂಡ್'ನಲ್ಲಿ. ಒಂದು ಹ್ಯಾಂಡ್ ಅಂದರೆ 4 ಇಂಚು. ಮಲ್ಲಿ 57 ಇಂಚು, ಅಂದರೆ 14 ಹ್ಯಾಂಡ್ 1 ಇಂಚು. ಅದನ್ನು 14.1 ಅಂತ ಬರೆಯುತ್ತಾರೆ. ಇದು ದಶಮಾಂಶ ಅಲ್ಲ, ನೆನಪಿಡಿ. 14.3ರ ನಂತರ ಬರುವುದು 15. ಸಾಮಾನ್ಯವಾಗಿ 14.2ಕ್ಕಿಂತ ಕಮ್ಮಿ ಇದ್ದರೆ ಪೋನಿ ಎನ್ನುತ್ತಾರೆ. ಆದರೆ ತಳಿಯನ್ನೂ ನೋಡುತ್ತಾರೆ. ಮಾರ್ವಾಡಿ, ಕಾಠಿಯಾವಾಡಿ ತಳಿಯವು ಸುಮಾರು ಈ ಎತ್ತರದಲ್ಲೇ ಇದ್ದರೂ ಅವನ್ನು ಕುದುರೆ ಅಂತಲೇ ಕರೆಯುವುದು. ಮೈಸೂರು, ಬೆಂಗಳೂರಿನ ರೇಸ್ ಕೋರ್ಸ್‌ಗಳಲ್ಲಿ ಓಡುವ ಥರೋಬ್ರೆಡ್‌ಗಳು 16 ಹ್ಯಾಂಡ್ ಆಸುಪಾಸು.

ಮಕ್ಕಳು ಯಾವಾಗಲೂ ಕೇಳುವುದು ಜಗತ್ತಿನ ದೊಡ್ಡ ಕುದುರೆ ಯಾವುದು ಅಂತ. ಇಂಗ್ಲೆಂಡಿನಲ್ಲಿ 1846ರಲ್ಲಿ ಹುಟ್ಟಿದ ಸ್ಯಾಂಪ್ಸನ್ ಎಂಬ ಶೈರ್ ತಳಿಯ ಕುದುರೆ 21 ಹ್ಯಾಂಡ್ ದಾಟಿತ್ತು, ತೂಕ 1,500 ಕೆಜಿ ಮೀರಿತ್ತು. ಅಮೆರಿಕದ ಥಂಬೆಲಿನಾ ಎಂಬ ಪುಟ್ಟ ಕುದುರೆ ಬರೀ 44.5 ಸೆಂಟಿಮೀಟರ್. ನಮ್ಮ ಮನೆ ಬಕೆಟ್‌ಗಿಂತ ಸ್ವಲ್ಪ ಎತ್ತರ!

ತೂಕ: ಎರಡು ಅಳತೆ, ಒಂದು ಲೆಕ್ಕ

ತೂಕ ಗೊತ್ತಿಲ್ಲದೆ ಮೇವು ಹಾಕಲು ಆಗುವುದಿಲ್ಲ, ಜಂತುಹುಳದ ಔಷಧಿಯನ್ನೂ ಕೊಡಲು ಆಗುವುದಿಲ್ಲ. ಕಣ್ಣಂದಾಜು ನಂಬಬೇಡಿ. ಟೈಲರ್ ಟೇಪ್ 150 ಸೆಂಟಿಮೀಟರ್ ಮಾತ್ರ ಇರುತ್ತದೆ, ಎದೆಗೆ ಸುತ್ತು ಬರುವುದಿಲ್ಲ. ಒಂದು ಸೆಣಬಿನ ಹುರಿ ತಗೊಳ್ಳಿ. ಮುಂಗಾಲಿನ ಹಿಂದೆ, ಬೆನ್ನಿನ ಉಬ್ಬಿನ ಹಿಂದಿನಿಂದ ಎದೆ ಸುತ್ತ ಬರುವ ಹಾಗೆ ಹಿಡಿದು, ಕುದುರೆ ಉಸಿರು ಬಿಟ್ಟಾಗ ಗುರುತು ಹಾಕಿ. ಇದು ಎದೆ ಸುತ್ತಳತೆ. ಇನ್ನೊಂದು, ಎದೆಯ ಮುಂಭಾಗದಲ್ಲಿ ಭುಜದ ಮೂಳೆಯ ಮೊನೆಯಿಂದ ಹಿಂಭಾಗದ ಪೃಷ್ಠದ ಮೂಳೆಯ ಮೊನೆಯವರೆಗೆ ಉದ್ದ. ಹುರಿಯನ್ನು ನೆಲದ ಮೇಲೆ ಎಳೆದು ಸ್ಟೀಲ್ ಟೇಪಿನಲ್ಲಿ ಅಳೆಯಿರಿ.

ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸೆಂಟಿಮೀಟರ್‌ನಲ್ಲಿ ಅಳೆದಿದ್ದರೆ ಉತ್ತರ ಕೆಜಿಯಲ್ಲಿ ಬರುತ್ತದೆ. ಮಲ್ಲಿಯ ಸುತ್ತಳತೆ 168, ಉದ್ದ 152. ಲೆಕ್ಕ ಹಾಕಿದರೆ 361 ಕೆಜಿ. ಒಮ್ಮೆ ಕಾಫಿ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದಾಗ 370 ತೋರಿಸಿತು. ಹುರಿಗೆ ಇಷ್ಟು ಸಾಕು. ಮರಿಗಳಿಗೆ, ತುಂಬು ಗಬ್ಬದ ಕುದುರೆಗೆ ಈ ಲೆಕ್ಕ ಹೊಂದುವುದಿಲ್ಲ.

ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಜೊತೆಗೆ ಪಕ್ಕೆ ಮೇಲೆ ಕೈಯಾಡಿಸಿ ನೋಡಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಆದರೆ ಬೆರಳಿಗೆ ಸುಲಭವಾಗಿ ಸಿಗಬೇಕು. ಒತ್ತಿದರೂ ಸಿಗದಿದ್ದರೆ ಕೊಬ್ಬು ಜಾಸ್ತಿ ಆಗಿದೆ. 

ಸವಾರಿ ಕೊಡುವವರಿಗೆ ಒಂದು ಮಾತು. ಸವಾರ, ಜೀನು ಎಲ್ಲ ಸೇರಿ ಕುದುರೆ ತೂಕದ ಶೇಕಡಾ 20 ದಾಟಬಾರದು. ಮಲ್ಲಿಗೆ ಅದು 72 ಕೆಜಿ. ಜೀನೇ ಹತ್ತು ಕೆಜಿ ಬಂದರೆ ಉಳಿಯುವುದು 62. ಪ್ರವಾಸಿಗರು ಮುಖ ಸಣ್ಣ ಮಾಡಿಕೊಂಡರೂ ಪರವಾಗಿಲ್ಲ, ದಪ್ಪಗಿರುವವರನ್ನು ನಾನು ಹತ್ತಿಸುವುದಿಲ್ಲ. ನಮ್ಮದು ಏರು ಇಳಿಜಾರಿನ ಊರು, ಸಮನೆಲದ ಲೆಕ್ಕ ಇಲ್ಲಿಗೆ ಇನ್ನೂ ಸ್ವಲ್ಪ ಇಳಿಸಬೇಕು.

ಹೊಟ್ಟೆ ಒಳಗೆ ಏನಿದೆ

ಮೇವಿನ ಮಾತಿಗೆ ಮುಂಚೆ ಇದು ತಿಳಿದಿರಲೇಬೇಕು. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ. ಗಬಗಬ ತಿಂದು, ಆಮೇಲೆ ಮಲಗಿ ಮೆಲುಕು ಹಾಕುತ್ತದೆ. ಕುದುರೆ ಮೆಲುಕು ಹಾಕುವುದಿಲ್ಲ. ಅದರ ಜಠರ ದೇಹಕ್ಕೆ ಹೋಲಿಸಿದರೆ ತುಂಬಾ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ನಾರು ಕೊಳೆತು ಜೀರ್ಣ ಆಗುವುದು ಹಿಂದೆ, ದೊಡ್ಡ ಕರುಳಿನಲ್ಲಿ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿರುತ್ತವೆ. ಮೇವು ದಿಢೀರ್ ಬದಲಾದರೆ ಅವು ಸಾಯುತ್ತವೆ, ಹೊಟ್ಟೆ ಕೆಡುತ್ತದೆ.

ಇನ್ನೊಂದು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಅನ್ನನಾಳ ಜಠರಕ್ಕೆ ಸೇರುವ ಕಡೆ ಇರುವ ಸ್ನಾಯು ಅಷ್ಟು ಬಿಗಿ. ನಾಯಿ ಕೆಟ್ಟದ್ದು ತಿಂದರೆ ಕಕ್ಕಿ ಸುಧಾರಿಸಿಕೊಳ್ಳುತ್ತದೆ. ಕುದುರೆಗೆ ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು. ಮೂಗಿನಿಂದ ಮೇವಿನ ಚೂರು, ಹಸಿರು ನೀರು ಬಂದರೆ ಅದು ವಾಂತಿ ಅಂತ ಸುಮ್ನೆ ಇರಬೇಡಿ. ಗಂಟಲಲ್ಲಿ ಸಿಕ್ಕಿಕೊಂಡಿರಬಹುದು, ಜಠರ ಉಕ್ಕಿರಬಹುದು. ಆಗಲೇ ಡಾಕ್ಟರನ್ನು ಕರೆಸಬೇಕು.

ಜಠರದಲ್ಲಿ ಆಮ್ಲ ದಿನವಿಡೀ ಸುರಿಯುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ಅದನ್ನು ತಣಿಸುವುದು ಜೊಲ್ಲು. ಜೊಲ್ಲು ಬರುವುದು ಅಗಿದಾಗ ಮಾತ್ರ. ಹಾಗಾಗಿ ಕುದುರೆ ಹೊತ್ತು ಪೂರ್ತಿ ಸ್ವಲ್ಪ ಸ್ವಲ್ಪ ಹುಲ್ಲು ಅಗಿಯುತ್ತಿರಬೇಕು. ಬೆಳಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಹಾಕಿ ಮಧ್ಯೆ ಆರೇಳು ಗಂಟೆ ಖಾಲಿ ಬಿಟ್ಟರೆ ಹೊಟ್ಟೆ ಹುಣ್ಣಾಗುತ್ತದೆ. ನಾನು ಮೊದಲ ವರ್ಷ ಮಾಡಿದ್ದು ಇದನ್ನೇ.

ದಿನದ ಮೇವು

ಒಣ ಲೆಕ್ಕದಲ್ಲಿ ದಿನಕ್ಕೆ ದೇಹದ ತೂಕದ ಶೇಕಡಾ 2 ಇಟ್ಟುಕೊಳ್ಳಿ. 361 ಕೆಜಿಗೆ ಸುಮಾರು 7 ಕೆಜಿ. ಇಲ್ಲೇ ನಮ್ಮ ಊರಿನವರು ಎಡವುವುದು. ಜುಲೈಯಲ್ಲಿ ಬಾಣೆಯಿಂದ, ಅಂದರೆ ಹುಲ್ಲು ಬೆಳೆಯುವ ಗುಡ್ಡದಿಂದ, ಕೊಯ್ದು ತಂದ ಹಸಿ ಹುಲ್ಲಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರು. ಬರೀ ಹಸಿ ಹುಲ್ಲಿನಲ್ಲೇ 7 ಕೆಜಿ ಒಣ ಲೆಕ್ಕ ತುಂಬಿಸಬೇಕೆಂದರೆ 35 ಕೆಜಿ ಹುಲ್ಲು ಬೇಕು. ಹತ್ತು ಕೆಜಿ ಹಾಕಿ "ಹೊಟ್ಟೆ ತುಂಬ ಹಾಕಿದ್ದೇವೆ" ಅನ್ನುವವರ ಕುದುರೆಗಳು ಆಗಸ್ಟ್ ಹೊತ್ತಿಗೆ ಪಕ್ಕೆ ಬಿಟ್ಟುಕೊಂಡು ನಿಂತಿರುವುದನ್ನು ನೋಡಿದ್ದೇನೆ. ನನಗೆ ಅದನ್ನು ನೋಡಲು ಆಗುವುದಿಲ್ಲ.

ಮಳೆಗಾಲದಲ್ಲಿ ಮಲ್ಲಿಗೆ ನಾನು ಹಾಕುವುದು: 15 ಕೆಜಿ ಹಸಿ ಹುಲ್ಲು, ಮೂರೂವರೆ ಕೆಜಿ ಒಣಹುಲ್ಲು, ಒಂದು ಕೆಜಿ ಕಾಳು. ಕಾಳನ್ನು ಎರಡು ಸಲ ಹಂಚಿ ಹಾಕುತ್ತೇನೆ. ಹುಲ್ಲನ್ನು ನಾಲ್ಕು ಸಲ, ಕೊನೆಯದ್ದು ರಾತ್ರಿ ನಾವು ಮಲಗುವ ಮುಂಚೆ. ದೊಡ್ಡ ಕೆಲಸ ಇಲ್ಲದ ಕುದುರೆಗೆ ಹುಲ್ಲೇ ಊಟ, ಕಾಳು ಮೇಲೊಗರ. ಬರೀ ಹುಲ್ಲಿನಲ್ಲೇ ಚೆನ್ನಾಗಿರುವ ಕುದುರೆಗಳೂ ಇವೆ.

ಕಾಳು ಅಂದರೆ ನಮ್ಮಲ್ಲಿ ಹುರುಳಿ. ಇಂಗ್ಲಿಷಿನವರು ಹುರುಳಿಗೆ ಕುದುರೆಯ ಹೆಸರನ್ನೇ ಇಟ್ಟಿದ್ದಾರೆ. ಅದನ್ನು ಹಸಿಯಾಗಿ ಹಾಕಬಾರದು. ರಾತ್ರಿ ನೆನೆಸಿ, ಬೆಳಗ್ಗೆ ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿ, ಆರಿಸಿ ಹಾಕಬೇಕು. ಬೆಳಗ್ಗೆ ಬೇಯಿಸಿದ್ದು ಸಂಜೆಗೆ ಹುಳಿ ವಾಸನೆ ಬಂದರೆ ಗೊಬ್ಬರದ ಗುಂಡಿಗೆ. ಜೊತೆಗೆ ದಿನಕ್ಕೆ ಒಂದು ಹಿಡಿ ಉಪ್ಪು.

ಬೂಸಾ, ತೌಡು ದನಕ್ಕೆ ಹಾಕುವ ಹಾಗೆ ಕುದುರೆಗೆ ಹಾಕಬೇಡಿ. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ನಾವೆಲ್ಲ ಗದ್ದೆ ಬದುವಿನಲ್ಲಿ ಬೆಳೆಯುವ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಎಂಬ ಅಂಶ ಇದೆ, ಅದು ಇದ್ದ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ. ವರ್ಷಗಟ್ಟಲೆ ನೇಪಿಯರ್ ಮತ್ತು ಬೂಸಾ ಮೇಲೆಯೇ ಇಟ್ಟರೆ ಕುದುರೆ ತನ್ನ ಮೂಳೆಯ ಕ್ಯಾಲ್ಸಿಯಂ ಅನ್ನೇ ಕರಗಿಸಿಕೊಳ್ಳುತ್ತದೆ. ಮುಖದ ಮೂಳೆ ಊದಿಕೊಂಡು ತಲೆ ದೊಡ್ಡದಾಗಿ ಕಾಣುತ್ತದೆ, ಕಾಲು ಕುಂಟುತ್ತದೆ. ದನ ಇದನ್ನು ತಡೆದುಕೊಳ್ಳುತ್ತದೆ, ಏಕೆಂದರೆ ಅದರ ಹೊಟ್ಟೆಯ ಜೀವಿಗಳು ಆಕ್ಸಲೇಟನ್ನು ಮೊದಲೇ ಒಡೆಯುತ್ತವೆ. ಬಾಣೆಯ ಬೇರೆ ಬೇರೆ ಹುಲ್ಲು ಬೆರೆಸಿ ಹಾಕಿ, ಸಿಕ್ಕರೆ ಕುದುರೆ ಮೆಂತ್ಯದ (ಲೂಸರ್ನ್) ಸೊಪ್ಪು ಸ್ವಲ್ಪ ಕೊಡಿ. ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಖನಿಜ ಮಿಶ್ರಣ ಯಾವುದು, ಎಷ್ಟು ಅಂತ ಪಶುವೈದ್ಯರನ್ನು ಕೇಳಿ.

ಏನೇ ಹೊಸ ಮೇವು ಶುರು ಮಾಡಿದರೂ ಏಳರಿಂದ ಹತ್ತು ದಿನ ತಗೊಂಡು, ಹಳೆಯದನ್ನು ಇಳಿಸುತ್ತಾ ಹೊಸದನ್ನು ಏರಿಸಿ.

ತೋಟದಲ್ಲಿ ಬಾಯಿಗೆ ಸಿಗಬಾರದ್ದು

ಬೆಣ್ಣೆಹಣ್ಣಿನ ಮರ. ಇದನ್ನು ಮೊದಲು ಹೇಳುತ್ತೇನೆ, ಕೊಡಗಿನಲ್ಲಿ ಮನೆಗೊಂದು ಇದೆ. ಎಲೆ, ತೊಗಟೆ, ಹಣ್ಣು ಯಾವುದೂ ಕುದುರೆಗೆ ಆಗುವುದಿಲ್ಲ. ಮುಖ, ತುಟಿ ಊದಿಕೊಳ್ಳುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ. ಅದರ ಕೆಳಗೆ ಕಟ್ಟಲೇಬೇಡಿ. ಹೂದೋಟದ ಕಣಗಿಲೆ ಇನ್ನೂ ಕೆಟ್ಟದ್ದು, ಸ್ವಲ್ಪ ಎಲೆ ಸಾಕು ಪ್ರಾಣ ಹೋಗಲು. ಲಂಟಾನ ಮತ್ತು ಗುಡ್ಡದ ಜರೀಗಿಡ ಹುಲ್ಲಿನ ಹೊರೆಯಲ್ಲಿ ಸೇರಿಕೊಂಡು ಬರುತ್ತವೆ. ಹೊರೆ ಬಿಚ್ಚಿ, ಕೈಯಾಡಿಸಿ, ಆರಿಸಿ ಹಾಕಿ.

ಕೋಳಿ ಸಾಕುವವರು ಕೋಳಿ ಮೇವಿನ ಚೀಲವನ್ನು ಲಾಯದ ಹತ್ತಿರವೂ ಇಡಬಾರದು. ಅದರಲ್ಲಿ ಮೊನೆನ್ಸಿನ್, ಸಾಲಿನೋಮೈಸಿನ್ ಅಂತ ಔಷಧಿ ಬೆರೆಸಿರಬಹುದು. ಕೋಳಿಗೆ ಒಳ್ಳೆಯದೇ. ಕುದುರೆಗೆ ಅದು ಹೃದಯದ ಸ್ನಾಯುವನ್ನೇ ಕೊಲ್ಲುವ ವಿಷ. ಕಾಫಿ ಹಣ್ಣಿನ ಸಿಪ್ಪೆ, ಮಾಗಿ ಬಿದ್ದ ಹಲಸು, ಉಳಿದ ಅನ್ನ, ಬ್ರೆಡ್ ಇವೂ ಬೇಡ. ಅತಿಥಿಗಳು ಏನಾದರೂ ಕೊಡಲೇಬೇಕೆಂದರೆ ಕ್ಯಾರೆಟ್ ಕೊಡಲಿ. ಉದ್ದುದ್ದ ಸೀಳಿ ಕೊಡಿ, ಬಿಲ್ಲೆ ಬಿಲ್ಲೆ ಕತ್ತರಿಸಿದರೆ ಗಂಟಲಲ್ಲಿ ಕೂರುತ್ತದೆ.

ಮತ್ತೆ, ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಮೇವಿಗೆ ಬಾರದೆ ಇರುತ್ತದಾ? ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಬರುವ ಒಂದು ವಿಷ ಕುದುರೆಯ ಮಿದುಳನ್ನು ಕರಗಿಸಿಬಿಡುತ್ತದೆ, ವಾಸಿಯಾಗುವ ದಾರಿ ಇಲ್ಲ. ಬೂಷ್ಟಿನ ಒಣಹುಲ್ಲಿನ ದೂಳು ಶ್ವಾಸಕೋಶಕ್ಕೆ ಕೂತು ಗೂರಲು ತರುತ್ತದೆ. ಒಣಹುಲ್ಲನ್ನು ನೆಲದಿಂದ ಒಂದು ಅಡಿ ಎತ್ತರದ ಅಟ್ಟಣಿಗೆ ಮೇಲಿಡಿ. ಕಾಳನ್ನು ಮುಚ್ಚಳ ಇರುವ ಡ್ರಮ್ಮಿನಲ್ಲಿ ತುಂಬಿ, ಹದಿನೈದು ದಿನಕ್ಕೆ ಆಗುವಷ್ಟನ್ನೇ ತನ್ನಿ.

ನೀರು, ಲದ್ದಿ, ಉಚ್ಚೆ, ಗಾಳಿ

ಈ ಅಳತೆಯ ಕುದುರೆ ದಿನಕ್ಕೆ 20ರಿಂದ 30 ಲೀಟರ್ ನೀರು ಕುಡಿಯುತ್ತದೆ. ಹಸಿ ಹುಲ್ಲು ತಿನ್ನುವಾಗ ಕಮ್ಮಿ, ಹೂಮಳೆಗೆ ಮುಂಚಿನ ಮಾರ್ಚ್ ಬಿಸಿಲಿನಲ್ಲಿ ಜಾಸ್ತಿ. ತೊಟ್ಟಿಗಿಂತ ಬಕೆಟ್ ಒಳ್ಳೆಯದು, ಎಷ್ಟು ಕುಡಿಯಿತು ಅಂತ ತಿಳಿಯುತ್ತದೆ.

ಲದ್ದಿ ಹಾಕುವುದು ದಿನಕ್ಕೆ ಎಂಟರಿಂದ ಹನ್ನೆರಡು ಸಲ, ಎಲ್ಲ ಸೇರಿ 15 ಕೆಜಿ ಹತ್ತಿರ. ಜನರಿಗೆ ಇದು ಜಾಸ್ತಿ ಅನ್ನಿಸುತ್ತದೆ, ಆದರೆ ಸದಾ ತಿನ್ನುವ ಪ್ರಾಣಿ ಸದಾ ಹಾಕುತ್ತಲೂ ಇರಬೇಕು. ಒಳ್ಳೆಯ ಲದ್ದಿ ಉಂಡೆಯಾಗಿ ಬಿದ್ದು, ನೆಲಕ್ಕೆ ತಾಗಿದಾಗ ಒಡೆಯುತ್ತದೆ. ಒಳಗೆ ಸ್ವಲ್ಪ ತೇವ, ಬಣ್ಣ ಹಸಿರು ಕಂದು, ವಾಸನೆ ಹುಲ್ಲಿನದ್ದೇ. ಚಿಕ್ಕದಾಗಿ, ಗಟ್ಟಿಯಾಗಿ, ಮೇಲೆ ಲೋಳೆ ಮೆತ್ತಿಕೊಂಡು ಬಂದರೆ ನೀರು ಸಾಲದು, ಕರುಳು ನಿಧಾನ ಆಗಿದೆ. ಬೆರಳಿನಷ್ಟು ಉದ್ದದ ಹುಲ್ಲು, ಇಡೀ ಕಾಳು ಲದ್ದಿಯಲ್ಲಿ ಕಂಡರೆ ಹಲ್ಲು ನೋಡಿಸಿ. ಕುದುರೆಯ ಹಲ್ಲು ವರ್ಷವರ್ಷವೂ ಮೇಲೆ ಬರುತ್ತಾ ಸವೆಯುತ್ತಾ ಇರುತ್ತದೆ, ಓರೆಯಾಗಿ ಸವೆದರೆ ಅಂಚು ಚೂಪಾಗಿ ಕೆನ್ನೆ ಕುಯ್ಯುತ್ತದೆ. ವರ್ಷಕ್ಕೊಮ್ಮೆಯಾದರೂ ಅರ ಹಾಕಿಸಬೇಕು. ಮರಿ ತಾಯಿಯ ಲದ್ದಿ ತಿಂದರೆ ಹೊಡೆಯಬೇಡಿ. ಹೊಟ್ಟೆಗೆ ಬೇಕಾದ ಸೂಕ್ಷ್ಮಜೀವಿಗಳು ಅದಕ್ಕೆ ಸಿಗುವ ದಾರಿಗಳಲ್ಲಿ ಅದೂ ಒಂದು.

ಉಚ್ಚೆ ನೀರು ಮಜ್ಜಿಗೆಯ ಹಾಗೆ ಮಬ್ಬಾಗಿ, ಸ್ವಲ್ಪ ಲೋಳೆಯಾಗಿ ಇರುತ್ತದೆ. ಹೊಸಬರು ಗಾಬರಿಯಾಗುತ್ತಾರೆ. ಅದು ಕ್ಯಾಲ್ಸಿಯಂ ಹರಳು, ಸಹಜ. ಆದರೆ ಕಪ್ಪು ಕಾಫಿಯ ಬಣ್ಣ ಬಂದರೆ ತಡ ಮಾಡಬೇಡಿ. ಜಾಸ್ತಿ ದುಡಿದು ಸ್ನಾಯು ಒಡೆದಿರಬಹುದು, ಇಲ್ಲವೇ ಉಣ್ಣಿಯಿಂದ ಬರುವ ರಕ್ತದ ಜ್ವರ ಇರಬಹುದು. ಬರೀ ಕಲ್ಲಿನ ನೆಲದ ಮೇಲೆ ಕಾಲಿಗೆ ಸಿಡಿಯುತ್ತದೆ ಅಂತ ಕುದುರೆಗಳು ಉಚ್ಚೆ ಕಟ್ಟಿಕೊಳ್ಳುತ್ತವೆ, ಕೆಳಗೆ ಹುಲ್ಲು ಹಾಸಿ.

ಗಾಳಿ ಬಿಡುವ ಸದ್ದಿಗೆ ಎಲ್ಲರೂ ನಗುತ್ತಾರೆ. ದನ ತೇಗುತ್ತದೆ. ಕುದುರೆಗೆ ತೇಗಲು ಬರುವುದಿಲ್ಲ, ದೊಡ್ಡ ಕರುಳಿನಲ್ಲಿ ಹುಟ್ಟಿದ ಗಾಳಿ ಹಿಂದಿನಿಂದಲೇ ಹೋಗಬೇಕು. ಆ ಸದ್ದು ನನಗೆ ಸಮಾಧಾನ ಕೊಡುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿದ್ದೆ

ಹೌದು, ನಿಂತೇ ತೂಕಡಿಸುತ್ತದೆ. ಕಾಲಿನ ಸ್ನಾಯುರಜ್ಜುಗಳು ಕೀಲನ್ನು ಬೀಗ ಹಾಕಿದ ಹಾಗೆ ಹಿಡಿದುಕೊಳ್ಳುತ್ತವೆ. ಆದರೆ ಗಾಢ ನಿದ್ದೆಗೆ ಮಲಗಲೇಬೇಕು, ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ. ಒದ್ದೆ ನೆಲದಲ್ಲಿ ಅದು ಮಲಗುವುದಿಲ್ಲ. ಮಳೆಗಾಲದಲ್ಲಿ ನಿಂತಲ್ಲೇ ಮುಂಗಾಲು ಮಡಚಿ ಮುಗ್ಗರಿಸುತ್ತಿದ್ದರೆ ರೋಗ ಅಂದುಕೊಳ್ಳುವ ಮುಂಚೆ ಲಾಯದ ನೆಲ ಮುಟ್ಟಿ ನೋಡಿ. ಒದ್ದೆ ನೆಲ ಗೊರಸನ್ನೂ ಕೊಳೆಸುತ್ತದೆ. ದಿನಾ ಗೊರಸಿನ ಅಡಿ ಕೆರೆದು ಮೂಗಿಗೆ ಹಿಡಿಯಿರಿ, ಕೊಳೆತ ವಾಸನೆ ಬಂದರೆ ಶುರುವಾಗಿದೆ ಅಂತ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು.

ಗೋಡೆ ಮೇಲಿನ ಅಂಕಿಗಳು

ಆರೋಗ್ಯವಾಗಿ, ಆರಾಮಾಗಿ ನಿಂತಿರುವಾಗ ಬೆಳೆದ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ನಾಡಿ ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16. ಒಸಡು ನಸುಗೆಂಪು, ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರಬೇಕು. ನಾಡಿ ಸಿಗುವುದು ಕೆಳದವಡೆಯ ಒಳ ಅಂಚಿನಲ್ಲಿ, ಪೆನ್ಸಿಲ್ ದಪ್ಪದ ರಕ್ತನಾಳ ಬೆರಳಡಿ ಜಾರುತ್ತದೆ. ಕುದುರೆ ಚೆನ್ನಾಗಿರುವಾಗಲೇ ಹತ್ತು ದಿನ ಎಣಿಸಿ ಅಭ್ಯಾಸ ಮಾಡಿ. ಮಲ್ಲಿಯದ್ದು 36. ಅದನ್ನು ಲಾಯದ ಗೋಡೆ ಮೇಲೆ ಸುಣ್ಣದಲ್ಲಿ ಬರೆದಿದ್ದೇನೆ.

ಆ ಜುಲೈ ರಾತ್ರಿ

ಮೂರು ದಿನದಿಂದ ಮಳೆ ನಿಂತಿರಲಿಲ್ಲ, ಕರೆಂಟೂ ಇರಲಿಲ್ಲ. ರಾತ್ರಿ ಹತ್ತಕ್ಕೆ ಹುಲ್ಲು ಹಾಕಲು ಹೋದರೆ ಮಲ್ಲಿ ತಿರುಗಿ ನೋಡಲಿಲ್ಲ. ಮುಂಗಾಲಲ್ಲಿ ನೆಲ ಕೆರೆಯುತ್ತಿತ್ತು. ಕುತ್ತಿಗೆ ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಮಲಗಿತು, ಎದ್ದಿತು, ಮತ್ತೆ ಮಲಗಿತು. ಟಾರ್ಚ್ ಹಾಕಿದರೆ ಸಂಜೆಯಿಂದ ಒಂದೂ ಲದ್ದಿ ಇಲ್ಲ. ಪಕ್ಕೆಗೆ ಕಿವಿ ಇಟ್ಟೆ. ಯಾವಾಗಲೂ ಗುಡುಗುಡು ಅನ್ನುವ ಹೊಟ್ಟೆ ಗಪ್‌ಚುಪ್. ನಾಡಿ 64.

ಕಾಳಿನ ಚೀಲ ನೆಲದ ಮೇಲಿತ್ತು. ಅಲ್ಲಿಯವರೆಗೆ ಹಾಕಿದ್ದ ಮೇಲಿನ ಕಾಳು ಚೆನ್ನಾಗಿತ್ತು. ತಳಕ್ಕೆ ಕೈ ಹಾಕಿದರೆ ಇಟ್ಟಿಗೆಯ ಹಾಗೆ ಗಟ್ಟಿಯಾಗಿ, ಬೆಚ್ಚಗೆ, ಹುಳಿ ವಾಸನೆ. ಅಂದು ಸಂಜೆ ಹಾಕಿದ್ದು ಆ ತಳದ ಕಾಳು.

ಅಕ್ಕಪಕ್ಕದವರು ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಎಣ್ಣೆ ಹುಯ್ಯೋಣ ಅಂದರು, ದನಕ್ಕೆ ಹಾಗೇ ಮಾಡುವುದಲ್ವಾ. ಫೋನಿನಲ್ಲಿ ಡಾಕ್ಟರು ಬೇಡವೇ ಬೇಡ ಅಂದರು. ಬಾಯಿಗೆ ಹುಯ್ದ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅದರಿಂದಲೇ ಸಾಯುತ್ತದೆ. ರಸ್ತೆಗೆ ಮರ ಬಿದ್ದಿತ್ತು, ಅವರು ತಲುಪಿದಾಗ ಎರಡೂವರೆ. ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿ ಒಳಗಿನ ಒತ್ತಡ ಇಳಿಸಿದರು, ನೋವಿಗೆ ಇಂಜೆಕ್ಷನ್ ಕೊಟ್ಟರು. ಬೆಳಗಿನ ಜಾವ ಐದರ ಹೊತ್ತಿಗೆ ಮಲ್ಲಿ ಬಾಲ ಎತ್ತಿತು. ಉದ್ದನೆಯ ಒಂದು ಸದ್ದು, ಆಮೇಲೆ ಮೂರು ಉಂಡೆ ಲದ್ದಿ. ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ನಿಮಗೆ ಅಂಥ ರಾತ್ರಿ ಬಂದರೆ, ಡಾಕ್ಟರ್ ಬರುವವರೆಗೆ ಹೀಗೆ ಮಾಡಿ. ಮುಂದಿರುವ ಮೇವು ಪೂರ್ತಿ ತೆಗೆಯಿರಿ. ನೀರು ಇರಲಿ. ಮೂಗಿನಿಂದ ಏನಾದರೂ ಬರುತ್ತಿದ್ದರೆ ಮಾತ್ರ ಅದನ್ನೂ ತೆಗೆಯಿರಿ. ನಾಡಿ ಎಣಿಸಿ, ಒಸಡು ನೋಡಿ, ಎರಡೂ ಪಕ್ಕೆಗೆ ಕಿವಿ ಇಟ್ಟು ಕೇಳಿ, ಸಮಯದ ಜೊತೆ ಬರೆದುಕೊಳ್ಳಿ. ಹೊರಳಾಡಲು ಹೋದರೆ ನಿಧಾನವಾಗಿ ನಡೆಸಿ, ಸುಮ್ಮನೆ ಮಲಗಿದ್ದರೆ ಮಲಗಲು ಬಿಡಿ. ರಾತ್ರಿಯಿಡೀ ನಡೆಸಿ ಸುಸ್ತು ಮಾಡಬೇಡಿ. ಮನೆಯಲ್ಲಿರುವ ನೋವಿನ ಔಷಧಿ ಕೊಡಬೇಡಿ, ಡಾಕ್ಟರಿಗೆ ನಿಜವಾದ ಸ್ಥಿತಿ ಮರೆಯಾಗುತ್ತದೆ. ಫೋನಿನಲ್ಲಿ ಹೇಳಬೇಕಾದ್ದು ಇಷ್ಟು: ಕುದುರೆಯ ತೂಕ, ನಾಡಿ, ಒಸಡಿನ ಬಣ್ಣ, ಕೊನೆಯ ಲದ್ದಿ ಯಾವಾಗ ಬಿತ್ತು, ಕೊನೆಗೆ ತಿಂದದ್ದು ಏನು. ಮತ್ತೆ, ಒಬ್ಬರನ್ನು ಕತ್ತಿ ಕೊಟ್ಟು ಗೇಟಿನ ಹತ್ತಿರ ಕಳಿಸಿ. ರಸ್ತೆಯಲ್ಲಿ ಮರ ಬಿದ್ದಿದ್ದರೆ ಡಾಕ್ಟರ್ ಜೀಪು ಬರುವಷ್ಟರಲ್ಲಿ ಅದನ್ನು ಕಡಿದು ಸರಿಸಿರಬೇಕು.